ಕಾರ್ಡ್ ಆಮೇಲೆ, ಮನೆಯ ಲೆಕ್ಕ ಮೊದಲು: ದಿನದ ಖರ್ಚಿನಲ್ಲೇ ಕ್ರೆಡಿಟ್ ಕಾರ್ಡ್ ರಿವಾರ್ಡ್ ಪಡೆಯುವ ಬಗೆ

ಹೋದ ವರ್ಷ ಮೈಸೂರಿನಿಂದ ನನ್ನ ತಂಗಿ ಫೋನ್ ಮಾಡಿದಳು. "ಅಕ್ಕ, ಮಾಲ್‌ನಲ್ಲಿ ಒಬ್ಬ ಹುಡುಗ ಕ್ರೆಡಿಟ್ ಕಾರ್ಡ್ ಮಾಡಿಸಿಕೊಳ್ಳಿ ಅಂತಿದ್ದಾನೆ. ಐದು ಸಾವಿರ ಪಾಯಿಂಟ್ ಸುಮ್ನೆ ಬರುತ್ತಂತೆ. ತಗೊಳ್ಳಲಾ?"

"ಒಂದು ಪಾಯಿಂಟ್‌ಗೆ ಎಷ್ಟು ಪೈಸೆ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ವಿಚಾರಿಸಿದಾಗ 25 ಪೈಸೆ ಅಂತ ಗೊತ್ತಾಯಿತು. ಅಲ್ಲಿಗೆ ಐದು ಸಾವಿರ ಪಾಯಿಂಟ್ ಅಂದರೆ 1,250 ರೂಪಾಯಿ. ಕಾರ್ಡಿನ ವಾರ್ಷಿಕ ಶುಲ್ಕ 999 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿದರೆ 1,179. ಕೊನೆಗೆ ಕೈಗೆ ಉಳಿಯುವುದು 71 ರೂಪಾಯಿ.

"ಕಾರ್ಡ್ ಆಮೇಲೆ ನೋಡೋಣ. ಮೊದಲು ಮೂರು ತಿಂಗಳ ಮನೆ ಖರ್ಚಿನ ಲೆಕ್ಕ ಕಳಿಸು ಕಣೇ" ಅಂದೆ. ಆ ಲೆಕ್ಕ ಮುಂದಿಟ್ಟುಕೊಂಡು ಇಬ್ಬರೂ ಎರಡು ಭಾನುವಾರ ಕೂತೆವು. ಅವತ್ತು ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮ್ಮ ಮನೆಯ ಅಂಕಿಗಳು ಬೇರೆ ಇರುತ್ತವೆ, ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ಶುರು ಮಾಡುವ ಮೊದಲು ಒಂದು ಮಾತು. ಈಗಾಗಲೇ ಕಾರ್ಡಿನ ಬಾಕಿ ಉಳಿದು ಬಡ್ಡಿ ಕಟ್ಟುತ್ತಿದ್ದೀರಾದರೆ ಈ ಲೇಖನ ಸದ್ಯಕ್ಕೆ ನಿಮಗಲ್ಲ. ಮೊದಲು ಆ ಸಾಲ ತೀರಿಸಿ. ಯಾಕೆ ಅನ್ನುವುದಕ್ಕೆ ಮೊದಲ ಹಂತದಲ್ಲೇ ಲೆಕ್ಕ ಇದೆ.

ಹಂತ 1: ಪೂರ್ತಿ ಬಿಲ್ ತಾನಾಗಿ ಕಟ್ಟಿಹೋಗುವಂತೆ ಮಾಡಿ

ಬಿಲ್‌ನಲ್ಲಿ ಎರಡು ಮೊತ್ತ ಇರುತ್ತವೆ. ಒಂದು 'ಟೋಟಲ್ ಅಮೌಂಟ್ ಡ್ಯೂ', ಇನ್ನೊಂದು 'ಮಿನಿಮಮ್ ಅಮೌಂಟ್ ಡ್ಯೂ'. ಮಿನಿಮಮ್ ಸಾಮಾನ್ಯವಾಗಿ ಬಿಲ್‌ನ ಶೇ. 5ರ ಆಸುಪಾಸು ಇರುತ್ತದೆ. ಅಷ್ಟು ಕಟ್ಟಿದರೆ ತಡವಾದ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ.

25,000 ರೂಪಾಯಿ ಬಿಲ್ ಬಂದಿದೆ ಅಂದುಕೊಳ್ಳಿ. ನೀವು 1,250 ಕಟ್ಟಿದಿರಿ. ಉಳಿದದ್ದು 23,750. ತಿಂಗಳಿಗೆ ಶೇ. 3.5 ಬಡ್ಡಿ ಅಂದರೆ 831 ರೂಪಾಯಿ. ಬಡ್ಡಿಯ ಮೇಲೂ ಜಿಎಸ್‌ಟಿ ಇದೆ. ಒಟ್ಟು ಸುಮಾರು 981. ನಿಜವಾಗಿ ಇದಕ್ಕಿಂತ ಜಾಸ್ತಿಯೇ ಆಗುತ್ತದೆ, ಯಾಕೆಂದರೆ ಬಡ್ಡಿಯನ್ನು ನೀವು ಸಾಮಾನು ಕೊಂಡ ದಿನದಿಂದಲೇ ಎಣಿಸುತ್ತಾರೆ. ಹೊಸದಾಗಿ ಕೊಂಡದ್ದಕ್ಕೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ತಂಗಿಯ ಮನೆಯಲ್ಲಿ ಎಲ್ಲಾ ಸರಿಯಾಗಿ ಮಾಡಿದರೂ ತಿಂಗಳಿಗೆ ಸಿಗುವ ರಿವಾರ್ಡ್ 600 ರೂಪಾಯಿ ದಾಟುವುದಿಲ್ಲ. ಒಂದು ತಿಂಗಳ ಬಡ್ಡಿ ಅದನ್ನು ಪೂರ್ತಿ ನುಂಗುತ್ತದೆ.

ಇದು ನನಗೇ ಆಗಿದೆ. ಕೆಲವು ವರ್ಷಗಳ ಹಿಂದೆ ಒಂದು ಬ್ಯಾಂಕಿನ ಆ್ಯಪ್‌ನಲ್ಲಿ ಆಟೋ ಪೇ ಹಾಕಿದೆ. ಅಲ್ಲಿ 'ಮಿನಿಮಮ್' ಅನ್ನುವುದಕ್ಕೆ ಮೊದಲೇ ಟಿಕ್ ಇತ್ತು, ನಾನು ಗಮನಿಸಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಬಿಲ್‌ನಲ್ಲಿ ಬಡ್ಡಿಯ ಸಾಲು ಕಂಡಿತು. ಅರ್ಧ ವರ್ಷದ ಕ್ಯಾಶ್‌ಬ್ಯಾಕ್ ಅದಕ್ಕೇ ಹೋಯಿತು. ಆದ್ದರಿಂದ ಆಟೋ ಪೇ ಹಾಕಿದ ಮೇಲೆ ಮತ್ತೊಮ್ಮೆ ಒಳಗೆ ಹೋಗಿ 'ಟೋಟಲ್' ಅಂತಲೇ ಇದೆಯಾ ನೋಡಿ. ಕೈಯಾರೆ ಕಟ್ಟುವವರು ಕೊನೆಯ ದಿನಕ್ಕೆ ಮೂರು ದಿನ ಮೊದಲೇ ಕಟ್ಟಿ, ಹಣ ಜಮಾ ಆಗಲು ಒಮ್ಮೊಮ್ಮೆ ಹೊತ್ತು ಹಿಡಿಯುತ್ತದೆ.

ಅಕಸ್ಮಾತ್ ಒಂದೆರಡು ದಿನ ತಡವಾದರೆ ಗಾಬರಿ ಬೇಡ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ಕೊನೆಯ ದಿನ ಕಳೆದು ಮೂರು ದಿನ ದಾಟಿದ ಮೇಲಷ್ಟೇ ತಡವಾದ ದಂಡ ಹಾಕಬಹುದು, ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗಳಿಗೆ ಬಾಕಿ ಅಂತ ತಿಳಿಸಬಹುದು. ಆದರೆ ಬಡ್ಡಿಗೆ ಈ ರಿಯಾಯಿತಿ ಇದೆ ಅಂದುಕೊಳ್ಳಬೇಡಿ.

ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯಲೇಬೇಡಿ. ಶುಲ್ಕ ಬೇರೆ, ಮೊದಲ ದಿನದಿಂದ ಬಡ್ಡಿ ಬೇರೆ. ಪಾಯಿಂಟ್ ಅಂತೂ ಇಲ್ಲ.

ಹಂತ 2: ಮನೆಯ ಖರ್ಚನ್ನು ಬರೆದುಕೊಳ್ಳಿ

ತಂಗಿ ಕಳಿಸಿದ ಲೆಕ್ಕದಲ್ಲಿ ಒಂದು ತಿಂಗಳ ಖರ್ಚು ಹೀಗಿತ್ತು. ಬಾಡಿಗೆ 16,000. ಸೂಪರ್‌ಮಾರ್ಕೆಟ್ 5,000. ಬೀದಿಯ ಕೊನೆಯ ದಿನಸಿ ಅಂಗಡಿ 4,000. ನಂದಿನಿ ಹಾಲು 1,800. ತರಕಾರಿ, ಹೂವು, ಹಣ್ಣು 2,500, ಅದು ದೇವರಾಜ ಮಾರುಕಟ್ಟೆಯಲ್ಲಿ ನಗದು ಕೊಟ್ಟು. ಪೆಟ್ರೋಲ್ 3,500. ಆನ್‌ಲೈನ್ ಖರೀದಿ 6,000. ಮನೆಗೆ ತರಿಸುವ ಊಟ ತಿಂಡಿ 3,000. ಔಷಧಿ 1,500. ಫೋನ್ ಮತ್ತು ಇಂಟರ್‌ನೆಟ್ 1,900. ಇದರ ಮೇಲೆ ವರ್ಷಕ್ಕೆ ಎರಡು ಸಲ ಸ್ಕೂಲ್ ಫೀಸು, ಒಂದು ಎಲ್‌ಐಸಿ ಕಂತು.

ಕರೆಂಟ್ ಬಿಲ್ ಸೊನ್ನೆ. 2023ರಿಂದ ಗೃಹಜ್ಯೋತಿ ಇದೆಯಲ್ಲ. ನಮ್ಮ ರಾಜ್ಯದವರು ಇದನ್ನು ಮರೆಯಬಾರದು. 'ವಿದ್ಯುತ್ ಬಿಲ್‌ಗೆ ಇಷ್ಟು ಕ್ಯಾಶ್‌ಬ್ಯಾಕ್' ಅಂತ ಹೊಗಳುವ ಕಾರ್ಡ್ ಇನ್ನೊಂದು ರಾಜ್ಯದ ಮನೆಗೆ ಬಹಳ ಚೆನ್ನಾಗಿರಬಹುದು. ಸೊನ್ನೆ ಬಿಲ್ ಬರುವ ಮನೆಗೆ ಅದರಿಂದ ಏನೂ ಇಲ್ಲ.

ಈಗ ಈ ಖರ್ಚುಗಳನ್ನು ಎರಡು ರಾಶಿ ಮಾಡಿ. ರಿವಾರ್ಡ್ ಬರುವಂಥವು ಒಂದು ಕಡೆ, ಬಾರದವು ಇನ್ನೊಂದು ಕಡೆ. ಇದನ್ನು ಮಾಡಬೇಕಾದರೆ ರಿವಾರ್ಡಿನ ದುಡ್ಡು ಎಲ್ಲಿಂದ ಬರುತ್ತದೆ ಅಂತ ತಿಳಿದಿರಬೇಕು. ನೀವು ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಅಂಗಡಿಯವರಿಗೆ ಪೂರ್ತಿ ಹಣ ಸಿಗುವುದಿಲ್ಲ. ಒಂದು ಪಾಲು ಬ್ಯಾಂಕುಗಳಿಗೆ ಮತ್ತು ವೀಸಾ, ರುಪೇಯಂಥ ಕಾರ್ಡ್ ಜಾಲಕ್ಕೆ ಹೋಗುತ್ತದೆ. ಇದಕ್ಕೆ ಎಂಡಿಆರ್ ಅನ್ನುತ್ತಾರೆ. ಬ್ಯಾಂಕ್ ತನಗೆ ಬಂದದ್ದರಲ್ಲಿ ಒಂದಿಷ್ಟನ್ನು ನಿಮಗೆ ವಾಪಸ್ ಕೊಡುತ್ತದೆ. ಎಲ್ಲಿ ಬ್ಯಾಂಕಿಗೆ ಪಾಲು ಕಡಿಮೆಯೋ ಅಲ್ಲಿ ನಿಮಗೂ ಕಡಿಮೆ. ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐಗೆ 2020ರ ಜನವರಿಯಿಂದ ಎಂಡಿಆರ್ ಇಲ್ಲ. ಅದಕ್ಕೇ ಅಲ್ಲಿ ಪಾಯಿಂಟೂ ಇಲ್ಲ.

ಬಾಡಿಗೆ, ವಾಲೆಟ್‌ಗೆ ಹಣ ತುಂಬುವುದು, ಪೆಟ್ರೋಲ್, ಸರ್ಕಾರಿ ಶುಲ್ಕ, ಇಎಂಐ, ಚಿನ್ನ. ಹೆಚ್ಚಿನ ಕಾರ್ಡುಗಳು ಇವುಗಳಿಗೆ ರಿವಾರ್ಡ್ ಕೊಡುವುದಿಲ್ಲ, ಇಲ್ಲವೇ ಮಿತಿ ಹಾಕಿರುತ್ತವೆ. ಬಾಡಿಗೆಗೆ ಎಷ್ಟೋ ಬ್ಯಾಂಕುಗಳು ಶೇ. 1 ಶುಲ್ಕವನ್ನೂ ಹಾಕುತ್ತವೆ. ತಂಗಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಸಾಲು ಬಾಡಿಗೆಯದು. ಅದನ್ನು ಅವತ್ತೇ ಕೈಬಿಟ್ಟೆವು.

ಹಂತ 3: ಪಾಯಿಂಟ್ ಮರೆತು ಪೈಸೆ ಎಣಿಸಿ

ಇಲ್ಲಿ ತಾಳ್ಮೆ ಬೇಕು, ಆದರೆ ಗಣಿತ ಬಹಳ ಸುಲಭ. 100 ರೂಪಾಯಿ ಖರ್ಚಿಗೆ ನನ್ನ ಕೈಗೆ ನಿಜವಾಗಿ ಎಷ್ಟು ರೂಪಾಯಿ ಬರುತ್ತದೆ? ಪ್ರತಿ ಕಾರ್ಡಿಗೂ ಈ ಒಂದು ಸಂಖ್ಯೆ ಕಂಡುಹಿಡಿಯಿರಿ.

'150 ರೂಪಾಯಿಗೆ 2 ಪಾಯಿಂಟ್' ಅಂತ ಒಂದು ಕಾರ್ಡ್ ಹೇಳುತ್ತದೆ. ಒಂದು ಪಾಯಿಂಟ್‌ಗೆ 25 ಪೈಸೆ. ಅಂದರೆ 150 ರೂಪಾಯಿಗೆ 50 ಪೈಸೆ, ನೂರಕ್ಕೆ 33 ಪೈಸೆ. ಇನ್ನೊಂದು ಕಾರ್ಡ್ 'ಎಲ್ಲಾ ಖರ್ಚಿಗೂ ಶೇ. 1 ಕ್ಯಾಶ್‌ಬ್ಯಾಕ್' ಅನ್ನುತ್ತದೆ. ಕೇಳಲು ಎರಡು ಪಾಯಿಂಟೇ ದೊಡ್ಡದು ಅನ್ನಿಸುತ್ತದೆ ಅಲ್ವಾ? ಕೊಡುವುದು ಮಾತ್ರ ಎರಡನೆಯದು ಮೂರು ಪಟ್ಟು ಜಾಸ್ತಿ.

ಇನ್ನೊಂದು ಸೂಕ್ಷ್ಮ ಇದೆ. 150 ರೂಪಾಯಿಗೆ ಪಾಯಿಂಟ್ ಅಂದರೆ 140 ರೂಪಾಯಿ ಬಿಲ್‌ಗೆ ಏನೂ ಇಲ್ಲ. 290 ರೂಪಾಯಿ ಬಿಲ್‌ಗೆ ಒಂದೇ ಸಲದ ಪಾಯಿಂಟ್, ಉಳಿದ 140 ಲೆಕ್ಕಕ್ಕೇ ಬರುವುದಿಲ್ಲ. ದಿನಾ ಹಾಲು, ಮೊಸರು, ಬ್ರೆಡ್ ಅಂತ ಸಣ್ಣ ಸಣ್ಣ ಬಿಲ್ ಮಾಡುವ ಮನೆಗೆ ಇಂಥ ಕಾರ್ಡ್ ಆಗಿಬರುವುದಿಲ್ಲ. ಶೇಕಡಾ ಲೆಕ್ಕದ ಕ್ಯಾಶ್‌ಬ್ಯಾಕ್ ಕಾರ್ಡೇ ಸರಿ.

ಒಂದೇ ಪಾಯಿಂಟ್‌ಗೆ ಎರಡು ಮೂರು ಬೆಲೆ ಇರುವುದೂ ಉಂಟು. ವಿಮಾನದ ಟಿಕೆಟ್‌ಗೆ ಬಳಸಿದರೆ 50 ಪೈಸೆ, ಬಿಲ್‌ಗೆ ವಜಾ ಮಾಡಿಸಿಕೊಂಡರೆ 20 ಪೈಸೆ, ಹೀಗೆ. ನೀವು ವರ್ಷಕ್ಕೆ ಒಂದು ಸಲವೂ ವಿಮಾನ ಹತ್ತುವುದಿಲ್ಲವಾದರೆ 20 ಪೈಸೆಯ ಲೆಕ್ಕವನ್ನೇ ಹಿಡಿಯಿರಿ.

ತಿಂಗಳ ಮಿತಿಯನ್ನೂ ಓದಿ. 'ಶೇ. 10 ಕ್ಯಾಶ್‌ಬ್ಯಾಕ್' ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ 'ತಿಂಗಳಿಗೆ ಗರಿಷ್ಠ 200 ರೂಪಾಯಿ'. 2,000 ರೂಪಾಯಿ ಖರ್ಚಿಗೆ ಆ ಮಿತಿ ಮುಗಿಯಿತು. ಆಮೇಲಿನ ಖರ್ಚಿಗೆ ಬೇರೆ ಕಾರ್ಡ್ ಬಳಸಬೇಕು.

ಹಂತ 4: ಎರಡು ಕಾರ್ಡ್ ಸಾಕು, ಮೂರನೆಯದು ಕಾರಣ ಇದ್ದರೆ

ಹತ್ತು ಕಾರ್ಡ್ ಇಟ್ಟುಕೊಂಡು ಒಂದೊಂದರಲ್ಲಿ ಒಂದೊಂದು ಆಫರ್ ಹಿಡಿಯುವವರನ್ನು ನಾನು ಬಲ್ಲೆ. ಅವರ ಶ್ರಮ ದೊಡ್ಡದು. ಆದರೆ ಹತ್ತು ಬಿಲ್, ಹತ್ತು ಕೊನೆಯ ದಿನಾಂಕ ನೆನಪಿಡಬೇಕು. ಸಂಸಾರ ನಡೆಸುವವರಿಗೆ ಎರಡು ಸಾಕು ಅನ್ನುವುದು ನನ್ನ ಅಭಿಪ್ರಾಯ.

ಮೊದಲನೆಯದು ಆನ್‌ಲೈನ್ ಖರೀದಿಗೆ. ನೀವು ಯಾವಾಗಲೂ ಒಂದೇ ತಾಣದಲ್ಲಿ ಕೊಳ್ಳುವವರಾದರೆ ಆ ತಾಣದ ಜೊತೆ ಸೇರಿ ಬ್ಯಾಂಕ್ ಕೊಡುವ ಕಾರ್ಡ್ ನೋಡಿ. 2018ರಲ್ಲಿ ಬಂದ ಅಮೆಜಾನ್ ಪೇ ಐಸಿಐಸಿಐ ಕಾರ್ಡ್ ಇಂಥದ್ದು, ಅದಕ್ಕೆ ವಾರ್ಷಿಕ ಶುಲ್ಕ ಇಲ್ಲ. ಹಲವು ತಾಣಗಳಲ್ಲಿ ಕೊಳ್ಳುವವರಿಗೆ ಎಲ್ಲಾ ಆನ್‌ಲೈನ್ ಖರ್ಚಿಗೂ ಒಂದೇ ದರ ಕೊಡುವ ಕಾರ್ಡ್ ಒಳ್ಳೆಯದು. ಎಸ್‌ಬಿಐ ಕ್ಯಾಶ್‌ಬ್ಯಾಕ್ ಕಾರ್ಡ್ 2022ರ ಸೆಪ್ಟೆಂಬರ್‌ನಲ್ಲಿ ಬಂದಾಗ ಆನ್‌ಲೈನ್‌ಗೆ ಶೇ. 5, ಅಂಗಡಿಗಳಲ್ಲಿ ಶೇ. 1 ಅಂತ ಬಂತು. ತಿಂಗಳಿಗೆ 10,000 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಸಿಗುತ್ತಿತ್ತು. 2023ರ ಮೇ 1ರಿಂದ ಆ ಮಿತಿ 5,000ಕ್ಕೆ ಇಳಿಯಿತು. ವಿಮಾನ ನಿಲ್ದಾಣದ ಲಾಂಜ್ ಸೌಲಭ್ಯವೂ ಹೋಯಿತು. ಇದನ್ನು ಹೇಳಲು ಕಾರಣ ಇದೆ. ಯಾವ ಕಾರ್ಡಿನ ನಿಯಮವೂ ಶಾಶ್ವತ ಅಲ್ಲ. ಕಾರ್ಡ್ ತೆಗೆದುಕೊಳ್ಳುವ ದಿನ ಬ್ಯಾಂಕಿನ ತಾಣದಲ್ಲಿರುವ ನಿಯಮಗಳನ್ನೇ ಓದಿ. ಆಮೇಲೂ ಬ್ಯಾಂಕಿನಿಂದ ಬರುವ 'ನಿಯಮ ಬದಲಾವಣೆ' ಇಮೇಲ್‌ಗಳನ್ನು ಓದದೆ ಅಳಿಸಬೇಡಿ.

ಎರಡನೆಯದು ರುಪೇ ಕ್ರೆಡಿಟ್ ಕಾರ್ಡ್, ಯುಪಿಐಗೆ ಜೋಡಿಸಲು. ಇದು ಸಣ್ಣ ಊರುಗಳವರಿಗೂ ತುಂಬಾ ಉಪಯೋಗ. 2022ರ ಸೆಪ್ಟೆಂಬರ್‌ನಿಂದ ಈ ಸೌಲಭ್ಯ ಇದೆ. ಭೀಮ್, ಫೋನ್‌ಪೇ, ಗೂಗಲ್ ಪೇ, ಪೇಟಿಎಂ ಯಾವುದರಲ್ಲಾದರೂ 'ಕ್ರೆಡಿಟ್ ಕಾರ್ಡ್ ಸೇರಿಸಿ' ಅಂತ ಒತ್ತಿ, ಬ್ಯಾಂಕ್ ಆರಿಸಿ, ಯುಪಿಐ ಪಿನ್ ಹಾಕಿಕೊಂಡರೆ ಆಯಿತು. ಅಲ್ಲಿಂದ ದಿನಸಿ ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಿ, ಹಣ ಕೊಡುವ ಮುಂಚೆ ಬ್ಯಾಂಕ್ ಖಾತೆಯ ಬದಲು ಕಾರ್ಡ್ ಆರಿಸಿ. ಕಾರ್ಡ್ ಮಷಿನ್ ಇಲ್ಲದ ಅಂಗಡಿಯಲ್ಲೂ ರಿವಾರ್ಡ್ ಬರುತ್ತದೆ.

ಆದರೆ ವ್ಯಾಪಾರಿ ಕ್ಯೂಆರ್‌ಗೆ ಮಾತ್ರ ಇದು ನಡೆಯುತ್ತದೆ. ಒಬ್ಬರ ಸ್ವಂತ ನಂಬರಿಗೆ ಹಣ ಕಳಿಸಲು ಆಗುವುದಿಲ್ಲ. ತಂಗಿಯ ಹಾಲಿನ ಬೂತ್‌ನಲ್ಲಿ ಮೊದಲ ದಿನ ಹಣ ಹೋಗಲಿಲ್ಲ. ಅವರು ತಮ್ಮ ಸ್ವಂತ ಖಾತೆಯ ಕ್ಯೂಆರ್ ಇಟ್ಟಿದ್ದರು. "ಅಣ್ಣ, ಬೇರೆ ಕ್ಯೂಆರ್ ಇದ್ಯಾ?" ಅಂತ ಕೇಳಿದಳು. ಸ್ಪೀಕರ್ ಜೊತೆ ಬಂದಿದ್ದ ಇನ್ನೊಂದನ್ನು ತೋರಿಸಿದರು, ಅದಕ್ಕೆ ಹೋಯಿತು. ಹೀಗೆ ಒಮ್ಮೆ ಕೇಳಿ ನೋಡಿ.

ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗಿನ ಇಂಥ ಪಾವತಿಗೆ ಎಂಡಿಆರ್ ಇಲ್ಲ. ನಿಮ್ಮ ದಿನಸಿ ಅಂಗಡಿಯವರಿಗೆ ಇದರಿಂದ ನಷ್ಟ ಆಗುತ್ತದೆ ಅನ್ನುವ ಸಂಕೋಚ ಬೇಡ. ಆದರೆ ಬ್ಯಾಂಕಿಗೂ ಇಲ್ಲಿ ಪಾಲಿಲ್ಲ. ಹಾಗಾಗಿ ಯುಪಿಐ ಖರ್ಚಿಗೆ ಕೆಲವು ಕಾರ್ಡುಗಳು ಕಡಿಮೆ ಕೊಡುತ್ತವೆ, ಕೆಲವು ಏನೂ ಕೊಡುವುದಿಲ್ಲ. ರುಪೇ ಕಾರ್ಡ್ ಆರಿಸುವಾಗ 'ಯುಪಿಐ ಪಾವತಿಗೆ ಎಷ್ಟು?' ಅನ್ನುವ ಒಂದು ಪ್ರಶ್ನೆ ಕೇಳಿದರೆ ಸಾಕು.

ಪೆಟ್ರೋಲ್ ಕಾರ್ಡ್ ಮೂರನೆಯದಾಗಿ ಬೇಕಾ? ಲೆಕ್ಕ ಹೀಗೆ. ಶುಲ್ಕ 499, ಜಿಎಸ್‌ಟಿ ಸೇರಿ 589. ಕಾರ್ಡ್ ಶೇ. 4 ವಾಪಸ್ ಕೊಡುತ್ತದೆ ಅಂದುಕೊಂಡರೆ, 589 ರೂಪಾಯಿ ಹುಟ್ಟಲು ವರ್ಷಕ್ಕೆ 14,725 ರೂಪಾಯಿ ಪೆಟ್ರೋಲ್ ಹಾಕಬೇಕು. ತಿಂಗಳಿಗೆ ಸುಮಾರು 1,230. ಸ್ಕೂಟರ್ ಒಂದೇ ಇರುವ ಮನೆಗೆ ಗಿಟ್ಟುವುದಿಲ್ಲ. ತಂಗಿಯ ಮನೆಯ 3,500ಕ್ಕೆ ವರ್ಷಕ್ಕೆ 1,091 ರೂಪಾಯಿ ಉಳಿಯುತ್ತದೆ. ಇನ್ನೊಂದು ಬಿಲ್ ನೋಡಿಕೊಳ್ಳುವ ತಲೆಬಿಸಿಗೆ ಅಷ್ಟು ಸಾಕಾ ಅಂತ ಕೇಳಿದೆ. ಅವಳು ಬೇಡ ಅಂದಳು. ಬೇಕು ಅಂದಿದ್ದರೂ ತಪ್ಪಿರಲಿಲ್ಲ.

ಪೆಟ್ರೋಲ್ ಕಾರ್ಡ್ ಇಲ್ಲದವರು ಒಂದು ವಿಷಯ ನೋಡಿ. ಬಂಕ್‌ನಲ್ಲಿ ಕಾರ್ಡ್ ಬಳಸಿದರೆ ಶೇ. 1ರ ಸರ್‌ಚಾರ್ಜ್ ಬೀಳುತ್ತದೆ. ಹೆಚ್ಚಿನ ಬ್ಯಾಂಕುಗಳು ಅದನ್ನು ವಾಪಸ್ ಮಾಡುತ್ತವೆ, ಆದರೆ ಬಿಲ್ ಇಂತಿಷ್ಟು ರೂಪಾಯಿ ದಾಟಿದರೆ ಮಾತ್ರ, ಸಾಮಾನ್ಯವಾಗಿ 400 ಅಥವಾ 500. ಸರ್‌ಚಾರ್ಜ್ ಮೇಲಿನ ಜಿಎಸ್‌ಟಿ ವಾಪಸ್ ಬರುವುದಿಲ್ಲ. 200 ರೂಪಾಯಿ ಪೆಟ್ರೋಲ್ ಹಾಕಿಸುವಾಗ ಬ್ಯಾಂಕ್ ಖಾತೆಯ ಯುಪಿಐ ಕೊಡುವುದೇ ವಾಸಿ.

ಹಂತ 5: ಯಾವ ಖರ್ಚು ಯಾವ ಕಾರ್ಡಿಗೆ ಅಂತ ಚೀಟಿ ಬರೆಯಿರಿ

ತಂಗಿ ಒಂದು ಸಣ್ಣ ಚೀಟಿ ಬರೆದು ಪರ್ಸ್‌ನಲ್ಲಿಟ್ಟಳು. ಆನ್‌ಲೈನ್ ಖರೀದಿ 6,000 ಮತ್ತು ತರಿಸುವ ಊಟ 3,000, ಶೇ. 5ರ ಕಾರ್ಡಿಗೆ. ಅದರಿಂದ 450. ಸೂಪರ್‌ಮಾರ್ಕೆಟ್ 5,000 ಮತ್ತು ಔಷಧಿ 1,500 ಅದೇ ಕಾರ್ಡಿಗೆ, ಶೇ. 1ರಂತೆ 65. ದಿನಸಿ, ಹಾಲು, ಫೋನ್, ಇಂಟರ್‌ನೆಟ್ ರುಪೇ ಕಾರ್ಡಿಗೆ, 7,700ಕ್ಕೆ 77. ತಿಂಗಳಿಗೆ 592, ವರ್ಷಕ್ಕೆ 7,104 ರೂಪಾಯಿ. ಹೆಚ್ಚಿಗೆ ಒಂದು ರೂಪಾಯಿ ಖರ್ಚು ಮಾಡದೆ ಸಿಗುವ ಹಣ ಇದು.

ತರಕಾರಿಗೆ ನಗದೇ ಇರಲಿ ಅಂದೆ. ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯ ಹತ್ತಿರ 30 ಪೈಸೆ ರಿವಾರ್ಡಿಗಾಗಿ ಫೋನ್ ಚಾಚುವುದು ಬೇಡ.

ಚೀಟಿ ಬರೆದ ಮೇಲೂ ಒಮ್ಮೊಮ್ಮೆ ಲೆಕ್ಕ ತಪ್ಪುತ್ತದೆ. ಇದಕ್ಕೆ ಕಾರಣ ಎಂಸಿಸಿ, ಅಂದರೆ ಪ್ರತಿ ಅಂಗಡಿಗೂ ಇರುವ ನಾಲ್ಕಂಕಿಯ ಸಂಕೇತ. ಸೂಪರ್‌ಮಾರ್ಕೆಟ್‌ಗೆ 5411, ಹೋಟೆಲ್‌ಗೆ 5812, ಔಷಧಿ ಅಂಗಡಿಗೆ 5912, ಆಸ್ಪತ್ರೆಗೆ 8062, ಪೆಟ್ರೋಲ್ ಬಂಕ್‌ಗೆ 5541. ನೀವು ಏನು ಕೊಂಡಿರಿ ಅಂತ ಬ್ಯಾಂಕಿಗೆ ಗೊತ್ತಾಗುವುದಿಲ್ಲ, ಈ ಅಂಕಿ ಮಾತ್ರ ಕಾಣುತ್ತದೆ. ಆಸ್ಪತ್ರೆಯ ಒಳಗಿನ ಔಷಧಿ ಅಂಗಡಿಯ ಮಷಿನ್ ಆಸ್ಪತ್ರೆಯ ಸಂಕೇತದಲ್ಲಿದ್ದರೆ ನಿಮ್ಮ ಮಾತ್ರೆಯ ಬಿಲ್ ಆಸ್ಪತ್ರೆ ಖರ್ಚಾಗುತ್ತದೆ. ದೊಡ್ಡ ಬಿಲ್ ಮಾಡುವ ಮೊದಲು ಅದೇ ಅಂಗಡಿಯಲ್ಲಿ ಒಂದು ಸಣ್ಣ ಬಿಲ್ ಮಾಡಿ, ರಿವಾರ್ಡ್ ಬಂತಾ ಅಂತ ಆ್ಯಪ್‌ನಲ್ಲಿ ನೋಡಿ.

ಸ್ಕೂಲ್ ಫೀಸನ್ನು ಬೇರೆ ಆ್ಯಪ್‌ಗಳ ಮೂಲಕ ಕಟ್ಟಿದರೆ ಹಲವು ಬ್ಯಾಂಕುಗಳು ಶೇ. 1 ಶುಲ್ಕ ಹಾಕುತ್ತವೆ. ಶಾಲೆಯ ತಾಣದಲ್ಲೇ, ಇಲ್ಲವೇ ಆಫೀಸಿನ ಮಷಿನ್‌ನಲ್ಲೇ ಕಟ್ಟಿ. ಅಲ್ಲೂ 'ಕನ್ವೀನಿಯನ್ಸ್ ಫೀ' ಸೇರಿಸುತ್ತಾರಾ ನೋಡಿ. ಶೇ. 1 ಸಿಗಲು ಶೇ. 1.2 ಕೊಡುವುದರಲ್ಲಿ ಅರ್ಥವಿಲ್ಲ. ಎಲ್‌ಐಸಿ ಕಂತಿಗೆ ಈ ಚಿಂತೆ ಇಲ್ಲ. 2019ರ ಡಿಸೆಂಬರ್ 1ರಿಂದ ಅವರು ಕ್ರೆಡಿಟ್ ಕಾರ್ಡ್ ಪಾವತಿಯ ಹೆಚ್ಚುವರಿ ಶುಲ್ಕ ತೆಗೆದಿದ್ದಾರೆ. ಪಾಯಿಂಟ್ ಬಾರದಿದ್ದರೂ ಹಣ ಕೊಡಲು ಕೆಲವು ವಾರಗಳ ಸಮಯವಾದರೂ ಸಿಗುತ್ತದೆ.

"ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಮೇಡಂ" ಅಂತ ಹೇಳುವ ಅಂಗಡಿಗಳಲ್ಲಿ ಕಾರ್ಡ್ ಒಳಗಿಡಿ.

ಸಮಯದ ಲಾಭ

ಬಿಲ್ ತಯಾರಾಗುವ ದಿನ ಒಂದು, ಕಟ್ಟುವ ಕೊನೆಯ ದಿನ ಇನ್ನೊಂದು. ಅಕ್ಟೋಬರ್ 15ಕ್ಕೆ ಬಿಲ್ ಆಗುತ್ತದೆ, ನವೆಂಬರ್ 5 ಕೊನೆಯ ದಿನ ಅನ್ನಿ. ಅಕ್ಟೋಬರ್ 14ಕ್ಕೆ ವಾಷಿಂಗ್ ಮಷಿನ್ ಕೊಂಡರೆ 22 ದಿನದಲ್ಲಿ ಹಣ ಕಟ್ಟಬೇಕು. ಎರಡು ದಿನ ತಡೆದು 16ಕ್ಕೆ ಕೊಂಡರೆ ಅದು ಮುಂದಿನ ಬಿಲ್‌ಗೆ ಹೋಗುತ್ತದೆ, ಡಿಸೆಂಬರ್ 5ರವರೆಗೆ 50 ದಿನ ಸಿಗುತ್ತದೆ. ದೊಡ್ಡ ಖರ್ಚಿಗೆ ಮಾತ್ರ ಇದನ್ನು ನೆನಪಿಡಿ. ಬಿಲ್ ದಿನ ನಿಮ್ಮ ಸಂಬಳದ ದಿನಕ್ಕೆ ಹೊಂದುವುದಿಲ್ಲವಾದರೆ ಬದಲಿಸಿ ಕೊಡಿ ಅಂತ ಬ್ಯಾಂಕನ್ನು ಕೇಳಿ. ಕಡೇಪಕ್ಷ ಒಂದು ಸಲ ಬದಲಿಸುವ ಅವಕಾಶ ರಿಸರ್ವ್ ಬ್ಯಾಂಕ್ ನಿಯಮದಲ್ಲೇ ಇದೆ.

ಕಾರ್ಡಿನ ಒಂದು ಲಕ್ಷದ ಸಾಲದ ಮಿತಿಯಲ್ಲಿ 80,000 ಖರ್ಚಾದರೆ ಸಿಬಿಲ್ ಸ್ಕೋರ್‌ಗೆ ಒಳ್ಳೆಯದಲ್ಲ. ಶೇ. 30ರ ಒಳಗೆ ಇದ್ದರೆ ಕ್ಷೇಮ ಅನ್ನುತ್ತಾರೆ. ಅಂಥ ತಿಂಗಳಲ್ಲಿ ಬಿಲ್ ಆಗುವ ಮೊದಲೇ ಒಂದಿಷ್ಟು ಕಟ್ಟಿಬಿಡಿ.

ಹಂತ 6: ವಾರ್ಷಿಕ ಶುಲ್ಕ ಮನ್ನಾ

ತಂಗಿಯ ಶೇ. 5ರ ಕಾರ್ಡಿಗೆ ವರ್ಷಕ್ಕೆ 2 ಲಕ್ಷ ಖರ್ಚು ಮಾಡಿದರೆ ಶುಲ್ಕ ಮನ್ನಾ. ಅವಳ ಖರ್ಚು ತಿಂಗಳಿಗೆ 15,500, ವರ್ಷಕ್ಕೆ 1,86,000. 14,000 ಕಡಿಮೆ. 1,179 ರೂಪಾಯಿ ಶುಲ್ಕ ಉಳಿಸಲು ಬೇಡದ 14,000ದ ಸಾಮಾನು ಕೊಳ್ಳುವುದು ಶುದ್ಧ ನಷ್ಟ. ಆದರೆ ದಸರಾ, ದೀಪಾವಳಿಗೆ ಮನೆಮಂದಿಗೆ ಬಟ್ಟೆ ಹೇಗೂ ಕೊಳ್ಳುತ್ತಾರೆ. ಅದನ್ನು ಈ ಕಾರ್ಡಿನಲ್ಲೇ ಕೊಳ್ಳುವುದು ಅಂತ ಮೊದಲೇ ಗೊತ್ತು ಮಾಡಿಕೊಂಡಳು. ವರ್ಷ ಅಂದರೆ ಜನವರಿಯಿಂದ ಡಿಸೆಂಬರ್ ಅಲ್ಲ, ಕಾರ್ಡ್ ಬಂದ ತಿಂಗಳಿನಿಂದ ಎಣಿಸುತ್ತಾರೆ. ಅದು ಮುಗಿಯುವ ಎರಡು ತಿಂಗಳ ಮೊದಲು ಎಷ್ಟಾಗಿದೆ ಅಂತ ನೋಡಿ.

ಖರ್ಚು ಜಾಸ್ತಿ ಮಾಡಲು ಸ್ನೇಹಿತರ ಬಿಲ್‌ಗಳನ್ನೆಲ್ಲ ತಮ್ಮ ಕಾರ್ಡಿನಲ್ಲಿ ಕಟ್ಟಿಸಿಕೊಳ್ಳುವವರಿದ್ದಾರೆ. ಎಚ್ಚರ ಇರಲಿ. ವರ್ಷಕ್ಕೆ 10 ಲಕ್ಷ ರೂಪಾಯಿ ಮೇಲ್ಪಟ್ಟು ಕಾರ್ಡ್ ಬಿಲ್ ಕಟ್ಟಿದರೆ, ನಗದಾದರೆ ಒಂದು ಲಕ್ಷಕ್ಕೇ, ಬ್ಯಾಂಕ್ ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಸ್ನೇಹಿತ ಹಣ ಕೊಡುವುದು ತಡ ಮಾಡಿದರೆ ಬಡ್ಡಿಯೂ ನಿಮ್ಮದೇ.

ಹಂತ 7: ಹಬ್ಬದ ಸೇಲ್, ನೋ ಕಾಸ್ಟ್ ಇಎಂಐ

ಹಬ್ಬದ ಸಮಯದಲ್ಲಿ ಆನ್‌ಲೈನ್ ತಾಣಗಳು ಇಂಥ ಬ್ಯಾಂಕ್ ಕಾರ್ಡಿಗೆ ಶೇ. 10 ರಿಯಾಯಿತಿ ಅನ್ನುತ್ತವೆ. ವರ್ಷದ ರಿವಾರ್ಡಿಗಿಂತ ಇದು ಕೆಲವೊಮ್ಮೆ ದೊಡ್ಡದು. ಬೇಕಾದ ವಸ್ತುವಿನ ಬೆಲೆಯನ್ನು ಒಂದು ತಿಂಗಳ ಮುಂಚೆಯೇ ಬರೆದಿಟ್ಟುಕೊಳ್ಳಿ. ಸೇಲ್ ದಿನ ಬೆಲೆ ಏರಿಸಿ ಇಳಿಸಿದ್ದಾರಾ ಅಂತ ಆಗ ಗೊತ್ತಾಗುತ್ತದೆ. ನಿಮ್ಮೂರಿನ ಅಂಗಡಿಯಲ್ಲೂ ಒಮ್ಮೆ ಕೇಳಿ. ವಸ್ತು ವಾಪಸ್ ಮಾಡಿದರೆ ಕ್ಯಾಶ್‌ಬ್ಯಾಕ್ ಕೂಡ ವಾಪಸ್ ಹೋಗುತ್ತದೆ.

ನೋ ಕಾಸ್ಟ್ ಇಎಂಐಗೆ ಪೂರ್ತಿ ಖರ್ಚಿಲ್ಲ ಅಂದುಕೊಳ್ಳಬೇಡಿ. ಬಡ್ಡಿಯಷ್ಟು ಹಣವನ್ನು ಬೆಲೆಯಲ್ಲಿ ಕಳೆಯುತ್ತಾರೆ, ಬ್ಯಾಂಕ್ ಬಡ್ಡಿ ಹಾಕಿಯೇ ಹಾಕುತ್ತದೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ನಿಮ್ಮದು, ಪ್ರೊಸೆಸಿಂಗ್ ಶುಲ್ಕ ನಿಮ್ಮದು. ಸಾಮಾನ್ಯವಾಗಿ ಪಾಯಿಂಟೂ ಬರುವುದಿಲ್ಲ.

ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಕ್ಕಳನ್ನು ನೋಡಲು ಹೋಗುವವರಿಗೂ ಒಂದು ಮಾತು. ಹೊರದೇಶದ ಖರ್ಚಿಗೆ ಹಲವು ಕಾರ್ಡುಗಳು ಶೇ. 3.5 ಸೇರಿಸುತ್ತವೆ, ಜಿಎಸ್‌ಟಿ ಸೇರಿ ಶೇ. 4.13. ಶೇ. 1 ರಿವಾರ್ಡಿಗೆ ಇದು ಯಾವ ಲೆಕ್ಕ? ಕಡಿಮೆ ದರದ ಕಾರ್ಡ್ ಇದ್ದರೆ ಅದನ್ನೇ ಒಯ್ಯಿರಿ. ಅಂಗಡಿಯ ಮಷಿನ್ 'ರೂಪಾಯಿಯಲ್ಲಿ ಕಟ್ಟುತ್ತೀರಾ?' ಅಂತ ಕೇಳಿದರೆ ಬೇಡ ಅನ್ನಿ, ಆ ದೇಶದ ಹಣವನ್ನೇ ಆರಿಸಿ.

ಹಂತ 8: ಗಳಿಸಿದ್ದನ್ನು ತೆಗೆದುಕೊಳ್ಳಿ

ಬಿಲ್‌ಗೆ ತಾನಾಗಿ ವಜಾ ಆಗುವ ಕ್ಯಾಶ್‌ಬ್ಯಾಕ್ ನನಗೆ ಎಲ್ಲಕ್ಕಿಂತ ಇಷ್ಟ. ಮರೆಯುವ ಭಯ ಇಲ್ಲ. ಪಾಯಿಂಟ್ ಕಾರ್ಡ್ ಇದ್ದರೆ ಮೂರು ತಿಂಗಳಿಗೊಮ್ಮೆ ಪಾಯಿಂಟ್ ನೋಡಿ, ಎರಡು ಮೂರು ವರ್ಷಕ್ಕೆ ಎಷ್ಟೋ ಪಾಯಿಂಟುಗಳ ಆಯಸ್ಸು ಮುಗಿಯುತ್ತದೆ. ಪ್ರತಿ ಸಲ ಪಡೆಯುವಾಗ 99 ರೂಪಾಯಿ ಶುಲ್ಕ, ಅದರ ಮೇಲೆ ಜಿಎಸ್‌ಟಿ ಹಾಕುವ ಬ್ಯಾಂಕುಗಳಿವೆ. ಹಾಗಿದ್ದರೆ ಒಟ್ಟುಗೂಡಿಸಿ ಒಂದೇ ಸಲ ಪಡೆಯಿರಿ. ಬ್ಯಾಂಕಿನ ಪಟ್ಟಿಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲಾ ಇರುತ್ತವೆ. ಅಷ್ಟೇ ಪಾಯಿಂಟಿಗೆ ಎಷ್ಟು ರೂಪಾಯಿಯ ವೋಚರ್ ಸಿಗುತ್ತದೆ ಅಂತ ಹೋಲಿಸಿ ನೋಡಿ ಆಮೇಲೆ ಆರಿಸಿ.

ಇಲ್ಲೇ ಮೋಸಗಾರರೂ ಕಾದಿರುತ್ತಾರೆ. 'ನಿಮ್ಮ 9,850 ರಿವಾರ್ಡ್ ಪಾಯಿಂಟ್ ಇಂದು ಮುಗಿಯುತ್ತದೆ, ಕೂಡಲೇ ಈ ಲಿಂಕ್ ಒತ್ತಿ' ಅಂತ ಸಂದೇಶ ಬರುತ್ತದೆ. ಬ್ಯಾಂಕಿನ ಲೋಗೊ ಕೂಡ ಇರುತ್ತದೆ. ಒತ್ತಿದರೆ ಒಂದು ಆ್ಯಪ್ ಫೋನಿಗೆ ಇಳಿದು ನಿಮ್ಮ ಓಟಿಪಿ ಓದುತ್ತದೆ. ನಿಜವಾದ ಪಾಯಿಂಟ್ ನೋಡಲು ಲಿಂಕ್ ಬೇಕಿಲ್ಲ, ನಿಮ್ಮ ಬ್ಯಾಂಕ್ ಆ್ಯಪ್ ತೆರೆದರೆ ಸಾಕು. ಮನೆಯಲ್ಲಿರುವ ಹಿರಿಯರಿಗೆ ಇದನ್ನು ದಯವಿಟ್ಟು ಕೂರಿಸಿಕೊಂಡು ಹೇಳಿ. ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಿ. ತಡ ಮಾಡಿದಷ್ಟೂ ಹಣ ಸಿಗುವುದು ಕಷ್ಟ.

ಹಂತ 9: ಬೇಡದ ಕಾರ್ಡ್ ಮುಚ್ಚಿಸಿ

ಲೆಕ್ಕ ಹಾಕುವಾಗ ತಂಗಿಯ ಹತ್ತಿರ ಒಂದು ಹಳೆಯ ಕಾರ್ಡ್ ಇರುವುದು ಗೊತ್ತಾಯಿತು. ಮೂರು ವರ್ಷದಿಂದ ಬಳಸಿರಲಿಲ್ಲ. ವರ್ಷಕ್ಕೆ 589 ರೂಪಾಯಿ ಹೋಗುತ್ತಲೇ ಇತ್ತು.

ಮುಚ್ಚಿಸುವ ಮುಂಚೆ ಉಳಿದ ಪಾಯಿಂಟ್ ಪಡೆದುಕೊಳ್ಳಿ, ಆಮೇಲೆ ಸಿಗುವುದಿಲ್ಲ. ಆ ಕಾರ್ಡಿನಿಂದ ತಾನಾಗಿ ಹೋಗುವ ಚಂದಾಗಳನ್ನು ಬೇರೆ ಕಾರ್ಡಿಗೆ ಬದಲಿಸಿ. ಬಾಕಿ ಪೂರ್ತಿ ಕಟ್ಟಿ. ಆಮೇಲೆ ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಲಿಖಿತವಾಗಿ ಕೇಳಿ. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕ್ ನಿಮಗೆ ಕೊಡಬೇಕು. ಇದೂ 2022ರ ನಿಯಮವೇ. ಫೋನಿನಲ್ಲಿ "ಶುಲ್ಕ ಮನ್ನಾ ಮಾಡ್ತೀವಿ, ಇಟ್ಟುಕೊಳ್ಳಿ" ಅನ್ನಬಹುದು. ಆ ಕಾರ್ಡ್ ನಿಮ್ಮ ಚೀಟಿಯಲ್ಲಿ ಯಾವ ಖರ್ಚಿಗೂ ಬರುವುದಿಲ್ಲವಾದರೆ ನಯವಾಗಿ ಬೇಡ ಅನ್ನಿ. ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಸರಿಪಡಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕ ಇಲ್ಲ.

ತಂಗಿ ಸೋಮವಾರ ಇಮೇಲ್ ಕಳಿಸಿದಳು. ಶುಕ್ರವಾರ ಕಾರ್ಡ್ ಮುಚ್ಚಿದೆ ಅಂತ ಸಂದೇಶ ಬಂತು. ಅದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಕಾರ್ಡನ್ನು ಚಿಪ್‌ನ ಮೇಲೆ ಅಡ್ಡಕ್ಕೆ ಕತ್ತರಿಸಿ ಬಿಸಾಡಿದಳು.